ಬುಧವಾರದ ಜಗಳ

ಅಮ್ಮ ಇನ್ನಿಲ್ಲ ಎಂಬ ಸುದ್ದಿ ತಿಳಿದ ಗುರುವಾರ ಬೆಳಿಗ್ಗೆ, ಅವಳು ಕನ್ನಡಕದ ಅಂಗಡಿಯಲ್ಲಿ ಒಬ್ಬ ಮುದುಕರಿಂದ ಅಕ್ಷರದ ಫಲಕ ಓದಿಸುತ್ತಿದ್ದಳು. ಅವರು ಮೂರನೆಯ ಸಾಲಿಗೆ ಬಂದಿದ್ದಾಗ ಫೋನು ಬಂತು. ನಿಮ್ಮಮ್ಮ ಮೆಟ್ಟಿಲ ಬಳಿ ಬಿದ್ದುಬಿಟ್ಟರು, ಆಸ್ಪತ್ರೆಗೆ ಕರೆತಂದಿದ್ದೇವೆ, ಬಾ ಎಂದರು ಪಕ್ಕದ ಮನೆಯವರು. ಆ ಧ್ವನಿಯಲ್ಲಿ ಅವಸರವೇ ಇರಲಿಲ್ಲ. ಅಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು.

ರಕ್ತದೊತ್ತಡ ಏರಿ ಮೆದುಳಿನ ನಾಳ ಒಡೆದಿದೆ ಎಂದು ವೈದ್ಯರು ಹೇಳಿದರು. ಊಟದಲ್ಲಿ ಉಪ್ಪು ಬಿಡಿಸಿದ್ದಿರಾ ಎಂದು ಕೇಳಿದರು. ಎಂಟು ತಿಂಗಳಿಂದ ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ ಎಂದಳು.

ಆಮೇಲೆ ನರ್ಸು ಅಮ್ಮನ ಕೈಚೀಲ ತಂದುಕೊಟ್ಟರು. ಅದರೊಳಗೆ ಮಡಿಸಿಟ್ಟ ಒಂದು ಕಾಗದದ ಕರವಸ್ತ್ರವಿತ್ತು. ಅದರ ಮೇಲೆ ಹಬೆಯಾಡುವ ಬಿದಿರು ಬುಟ್ಟಿಯ ಕೆಂಪು ಚಿತ್ರ, ಕೆಳಗೆ ಒಂದು ಹೋಟೆಲಿನ ವಿಳಾಸ. ಮಡಿಕೆಯೊಳಗೆ ಇನ್ನೂ ಸೀಳದ ಒಂದು ಜೋಡಿ ಚಾಪ್‌ಸ್ಟಿಕ್, ಊಟದ ಮರದ ಕಡ್ಡಿ.

ಅಂದರೆ ಅಮ್ಮ ಕದ್ದು ಹೊರಗೆ ತಿನ್ನುತ್ತಿದ್ದಳು...

ಅವಳಿಗೆ ಅಳು ಬರುವ ಮೊದಲೇ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಬುಧವಾರ ಬೆಳಗಿನ ಮಾತು ನೆನಪಾಯಿತು. ಅಮ್ಮ ತಟ್ಟೆ ದೂಡಿ, ಇದು ಊಟವಲ್ಲ, ನೀನು ಮಗಳಲ್ಲ, ಕಾವಲುಗಾರ್ತಿ ಎಂದಿದ್ದಳು. "ಹಾಗಾದ್ರೆ ಉಪ್ಪು ಹಾಕೋ ಮನೆ ಹುಡುಕ್ಕೊಂಡು ಹೋಗು" ಎಂದು ಅವಳು ಬಾಗಿಲು ಬಡಿದು ಹೊರಟಿದ್ದಳು. ಅಂದು ಸಂಜೆ ಮನೆಗೆ ಬಂದಾಗ ಅಮ್ಮ ಮಲಗಿದ್ದಳು. ಮರುದಿನ ಬೆಳಿಗ್ಗೆ ಅವಳು ಅಮ್ಮನನ್ನು ಮಾತಾಡಿಸದೆ ಅಂಗಡಿಗೆ ಹೋಗಿದ್ದಳು.

ಹೆತ್ತ ತಾಯಿಗೆ ಆಡಿದ ಕೊನೆಯ ಮಾತು, ಹೋಗು.

ಅಮ್ಮ ಆ ಮಾತನ್ನೇ ಎದೆಯಲ್ಲಿಟ್ಟುಕೊಂಡು ಹೋದಳೇ? ಈ ಪ್ರಶ್ನೆ ಅವಳಿಗೆ ಅನ್ನ ಇಳಿಯಗೊಡಲಿಲ್ಲ. ಆದ್ದರಿಂದ ಅವಳು ಬೇರೊಂದು ಪ್ರಶ್ನೆಯನ್ನು ಹಿಡಿದುಕೊಂಡಳು: ಅಮ್ಮನಿಗೆ ಉಪ್ಪು ತಿನ್ನಿಸಿದವರು ಯಾರು?

*

ಮುಂದಿನ ಬುಧವಾರ ಮಧ್ಯಾಹ್ನ ಅವಳು ಆ ವಿಳಾಸ ಹುಡುಕಿ ಹೋದಳು.

ಆರೇ ಮೇಜುಗಳ ಪುಟ್ಟ ಚೈನೀಸ್ ಹೋಟೆಲು. ಗಾಜಿನ ಕಿಟಕಿಗೆಲ್ಲ ಹಬೆ ಹಿಡಿದಿತ್ತು. ಗಲ್ಲೆಯ ಪಕ್ಕದಲ್ಲಿ ಬಿದಿರು ಬುಟ್ಟಿಗಳನ್ನು ಆಳೆತ್ತರಕ್ಕೆ ಒಂದರ ಮೇಲೊಂದು ಪೇರಿಸಿದ್ದರು. ಬಡಿಸುತ್ತಿದ್ದ ಹೆಂಗಸನ್ನು ಗಿರಾಕಿಗಳೆಲ್ಲ ಚಿಕ್ಕಮ್ಮ ಎನ್ನುತ್ತಿದ್ದರು. ಒಳಗಿದ್ದ ಅಡುಗೆಯವನಿಗೆ ಆಕೆ ನಿಜಕ್ಕೂ ಚಿಕ್ಕಮ್ಮ.

ಅವಳು ಫೋನಿನಲ್ಲಿ ಅಮ್ಮನ ಫೋಟೋ ತೋರಿಸಿದಳು. ಚಿಕ್ಕಮ್ಮನ ಮುಖ ಅರಳಿತು. ಪ್ರತಿ ಬುಧವಾರ ಬರ್ತಾರಲ್ಲ, ಕಿಟಕಿ ಪಕ್ಕದ ಮೇಜು ಅವರದ್ದೇ, ಇವತ್ತು ಯಾಕೋ ತಡ ಎಂದರು.

"ಅವಳು ಬರಲ್ಲ. ಸತ್ತುಹೋದಳು. ನಿಮ್ಮ ಉಪ್ಪು ತಿಂದು ಸತ್ತಳು."

ಸುತ್ತಲಿನವರ ಬಾಯಿಯ ಬಳಿ ನೂಡಲ್ಸು ಹಾಗೇ ನೇತಾಡುತ್ತ ನಿಂತಿತು. ಚಿಕ್ಕಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡರು. ಒಳಗಿನಿಂದ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಉದ್ದನೆಯ ಮನುಷ್ಯ ಹೊರಗೆ ಬಂದ. ಅವನ ಕಣ್ಣು ಅವಳ ಮಣಿಕಟ್ಟಿನ ಮೇಲಿತ್ತು. ಒಂದು ವಾರದಲ್ಲಿ ಗಡಿಯಾರದ ಪಟ್ಟಿ ಸಡಿಲವಾಗಿ ಅಂಗೈವರೆಗೆ ಜಾರಿತ್ತು.

"ಕೂತ್ಕೊಳ್ಳಿ. ತಿಂದು ಬೈಯಿರಿ. ಖಾಲಿ ಹೊಟ್ಟೇಲಿ ಬೈದ್ರೆ ದನಿ ಏಳಲ್ಲ."

ಎಂಥ ಕಲ್ಲು ಮನುಷ್ಯ! ಅವಳು ಅಮ್ಮನ ಮೇಜಿನಲ್ಲಿ ಕುಳಿತು, ಅಮ್ಮ ಏನು ತಿನ್ನುತ್ತಿದ್ದಳೋ ಅದನ್ನೇ ತರುವಂತೆ ಹೇಳಿದಳು. ನೂಡಲ್ಸಿನ ಸೂಪು ಬಂತು, ಹಬೆಯಲ್ಲಿ ಬೆಂದ ಹೂರಣದ ಕಡುಬು, ಡಿಮ್‌ಸಮ್, ಅರ್ಧ ಬುಟ್ಟಿ ಬಂತು. ಒಂದು ಚಮಚ ಬಾಯಿಗಿಟ್ಟಳು. ಉಪ್ಪು ಸರಿಯಾಗಿತ್ತು. ಬೇಕಾದಷ್ಟಿತ್ತು.

"ಇದನ್ನೇ ಕೊಡ್ತಿದ್ರಾ ಅವಳಿಗೆ?"

ಅವನು ಏನೋ ಹೇಳಲು ಬಾಯಿ ತೆರೆದು, ಅವಳ ಬಟ್ಟಲಿನ ಕಡೆ ನೋಡಿ ಮುಚ್ಚಿಕೊಂಡ.

"ಅದನ್ನ ಮುಂದಿನ ಬುಧವಾರ ಹೇಳ್ತೀನಿ. ಬಟ್ಟಲು ಖಾಲಿ ಮಾಡಿದ್ರೆ."

*

ಅವಳು ಹೋಗಬಾರದೆಂದು ಆರು ದಿನ ನಿರ್ಧರಿಸಿ ಏಳನೆಯ ದಿನ ಹೋದಳು. ಅವನು ಅಂದೂ ಹೇಳಲಿಲ್ಲ. ಅರ್ಧ ಬಟ್ಟಲು ಉಳಿಸಿದ್ದೀರಿ ಎಂದ. ಹೀಗೆ ನಾಲ್ಕು ಬುಧವಾರ ಅವರ ಜಗಳ ನಡೆಯಿತು.

ಡಿಮ್‌ಸಮ್ಮಿನ ಪದರ ಚಪ್ಪಲಿಯಷ್ಟು ದಪ್ಪವಾಗಿದೆ ಎಂದು ಅವಳು ದೂರಿದಳು. ಕನ್ನಡಕ ಮಾರುವವರು ಒಂದು ಹಾಕಿಕೊಂಡೂ ನೋಡಬೇಕು ಎಂದು ಅವನು ಒಳಗಿನಿಂದಲೇ ಹೇಳಿದ. ಚಹಾದ ಪಾತ್ರೆ ಬರಿದಾಗಿ ಅರ್ಧ ಗಂಟೆಯಾದರೂ ಕೇಳುವವರಿಲ್ಲ ಎಂದಳು. ಮುಚ್ಚಳವನ್ನು ಮಗುಚಿಟ್ಟರೆ ನಾವೇ ಬಂದು ತುಂಬುತ್ತೇವೆ, ನಿಮ್ಮಮ್ಮನಿಗೆ ಮೊದಲನೆಯ ದಿನವೇ ಗೊತ್ತಾಗಿತ್ತು ಎಂದ. ಆ ಮಾತಿಗೆ ಅವಳು ಮುಚ್ಚಳವನ್ನು ಮಗುಚುವುದರ ಬದಲು ಕುಕ್ಕಿದಳು. ಅದರ ಅಂಚು ಮುಕ್ಕಾಯಿತು.

"ಪಾಪಿ, ಆ ಹುಡುಗಿ ಅಮ್ಮನ್ನ ಕಳ್ಕೊಂಡಿದ್ದಾಳೆ ಕಣೋ" ಎಂದು ಚಿಕ್ಕಮ್ಮ ಅವನನ್ನು ಗದರಿದರು. ಅವನು ಹಿಟ್ಟನ್ನು ಹಲಗೆಗೆ ಬಡಿದು, ಎರಡು ಕೈಯಲ್ಲಿ ಹಿಡಿದು ಎಳೆದ. ಒಂದು ಎಳೆ ಎರಡಾಯಿತು, ನಾಲ್ಕಾಯಿತು, ಎಂಟಾಯಿತು.

ಅವಳಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಒಂದು ವಿಚಿತ್ರವನ್ನು ಅವಳು ಗಮನಿಸಿರಲಿಲ್ಲ, ದೇವರು ಗಮನಿಸಿದ್ದ. ವಾರವಿಡೀ ಮುಚ್ಚಿರುತ್ತಿದ್ದ ಅವಳ ಬಾಯಿ ಬುಧವಾರ ತೆರೆಯುತ್ತಿತ್ತು. ಅಪ್ಪ ತೀರಿಕೊಂಡ ಮೇಲಿನ ಎರಡು ವರ್ಷದಲ್ಲಿ ಆಡದಷ್ಟು ಮಾತನ್ನು ಅವಳು ಆ ಹಬೆಯ ಕೋಣೆಯಲ್ಲಿ ಆಡಿದ್ದಳು. ನಾಲ್ಕನೆಯ ಬುಧವಾರ, ಬೈಯುವ ಭರದಲ್ಲಿ ಬಟ್ಟಲೂ ಖಾಲಿಯಾಗಿತ್ತು.

"ಇವತ್ತು ಹೇಳಿ" ಎಂದಳು.

ಅವನು ಬಟ್ಟಲಿನ ತಳ ನೋಡಿದ. ಅವನ ಮುಖ ಬಿಳಿಚಿತು. ಮುಂದಿನ ವಾರ ಎಂದು ಒಳಗೆ ಹೋಗಿಬಿಟ್ಟ.

ಮಾತಿಗೆ ತಪ್ಪಿದವನ ಮೇಲೆ ಇನ್ನೆಂಥ ದಯೆ? ಅವಳು ನಗರದ ಆಹಾರ ತಪಾಸಣೆಯ ಕಚೇರಿಗೆ ನಾಲ್ಕು ಪುಟದ ದೂರು ಬರೆದಳು. ಹೋಟೆಲು ಮುಚ್ಚಿಸಬೇಕು ಎಂದು ಕೊನೆಯ ಸಾಲಿನಲ್ಲಿ ಬರೆದು ಅಡಿಗೆರೆ ಎಳೆದಳು.

*

ಐದನೆಯ ಬುಧವಾರ ಅವಳು ಊಟಕ್ಕೆ ಕೂರಲಿಲ್ಲ. ದೂರಿನ ಜೊತೆಗಿಡಲು ಪಾತ್ರೆಗಳ ಫೋಟೋ ಬೇಕೆಂದು ನೇರವಾಗಿ ಅಡುಗೆಮನೆಗೆ ನುಗ್ಗಿದಳು. ಅವನು ಅಡ್ಡ ಬರಲಿಲ್ಲ, ಗೋಡೆಗೆ ಸರಿದು ನಿಂತ.

ದೊಡ್ಡ ಹಂಡೆಯಲ್ಲಿ ಸೂಪು ಕುದಿಯುತ್ತಿತ್ತು. ಅದರ ಫೋಟೋ ತೆಗೆದಳು. ಸೋಯಾ ಸಾಸಿನ ಡಬ್ಬಗಳದ್ದೂ ತೆಗೆದಳು. ಆಮೇಲೆ ಮೂಲೆಯ ಮೊಳೆಯಲ್ಲಿ ತೂಗುತ್ತಿದ್ದ ಒಂದು ಚಿಕ್ಕ ಪಾತ್ರೆಯ ಕಡೆ ಫೋನು ತಿರುಗಿಸಿದಳು. ಅವಳ ಕೈ ನಿಂತುಹೋಯಿತು.

ಪಾತ್ರೆಯ ಹಿಡಿಗೆ ನೀಲಿ ಹುರಿ ಸುತ್ತಿತ್ತು.

ಅದು ಅಮ್ಮನ ಕನ್ನಡಕದ ಹುರಿ. ಕತ್ತಿಗೆ ನೇತುಹಾಕಿಕೊಳ್ಳಲೆಂದು ಅಂಗಡಿಯಲ್ಲಿ ಕುಳಿತು ಅವಳೇ ಮೂರು ಎಳೆ ಹೆಣೆದು, ತುದಿಗೆ ಎರಡು ಗಂಟು ಹಾಕಿ ಕೊಟ್ಟಿದ್ದಳು. ಎಲ್ಲೋ ಬಿದ್ದುಹೋಯಿತು ಎಂದಿದ್ದಳು ಅಮ್ಮ. ಅದಕ್ಕೂ ಒಂದು ಜಗಳವಾಗಿತ್ತು.

"ಇದು ಇಲ್ಲಿಗೆ ಹೇಗೆ ಬಂತು?"

"ನಿಮ್ಮಮ್ಮನೇ ಕಟ್ಟಿದ್ದು." ಮೊದಲ ಬಾರಿಗೆ ಅವನ ದನಿ ತಗ್ಗಿತ್ತು. "ಬೇರೆ ಪಾತ್ರೆ ಜೊತೆ ಇದು ಬೆರೆತು ಹೋಗಬಾರದು ಅಂತ. ಇದರೊಳಗೆ ಒಂದು ಹರಳು ಉಪ್ಪೂ ಬಿದ್ದಿಲ್ಲ. ಒಂದು ತೊಟ್ಟು ಸಾಸೂ ಬಿದ್ದಿಲ್ಲ."

ಅವಳು ನಂಬಲಿಲ್ಲ. ಹಾಗಾದರೆ ನೂಡಲ್ಸು? ಅದರ ಹಿಟ್ಟಿನಲ್ಲೇ ಉಪ್ಪು ಇರುತ್ತದಲ್ಲ ಎಂದಳು.

"ಅವರದ್ದು ಬೇರೆ ಹಿಟ್ಟು. ಉಪ್ಪಿಲ್ಲದ ಹಿಟ್ಟು ಎಳೆದ್ರೆ ಕಡಿದುಹೋಗುತ್ತೆ. ಚಾಕೂನಲ್ಲಿ ಕತ್ತರಿಸಿ ಹಾಕ್ತಿದ್ದೆ, ತುಂಡು ತುಂಡಾಗಿ. ಚಿಕ್ಕಮ್ಮನ್ನ ಕೇಳಿ."

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದರು.

"ಮತ್ತೆ ಮನೇಲಿ ಯಾಕೆ..." ಅವಳಿಗೆ ಮಾತು ಮುಗಿಸಲಾಗಲಿಲ್ಲ. ಮನೆಯಲ್ಲಿ ದಿನವೂ ಉಪ್ಪಿಗಾಗಿ ಯಾಕೆ ಕಾದಾಡಿದಳು?

ಅವನು ಒಲೆ ಆರಿಸಿದ. ಅಮ್ಮ ಒಂದು ದಿನ ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದ.

"ಅವಳಪ್ಪ ಹೋದಮೇಲೆ ನನ್ನ ಮಗಳು ಮಾತು ಬಿಟ್ಟಳು ಕಣಪ್ಪ. ಹೂಂ, ಉಹೂಂ, ಅಷ್ಟೇ. ಉಪ್ಪಿನ ಡಬ್ಬಿ ಕೊಡು ಅಂದ್ರೆ ಮಾತ್ರ ಹತ್ತು ನಿಮಿಷ ಬೈತಾಳೆ. ಆ ಹತ್ತು ನಿಮಿಷ ನನ್ನ ಮಗಳು ನನಗೆ ಸಿಕ್ತಾಳೆ. ಅಂದ್ರು."

ಅವಳು ಹಿಟ್ಟಿನ ಹಲಗೆಗೆ ಒರಗಿದಳು.

"ಆ ಕೊನೇ ಬುಧವಾರ..." ಎಂದಳು. "ಮನೆ ಬಿಟ್ಟು ಹೋಗು ಅಂದಿದ್ದೆ ನಾನು."

"ಗೊತ್ತು. ಬಂದವರೇ ಹೇಳಿದ್ರು, ನಗ್ತಾ ನಗ್ತಾ. ಇವತ್ತು ಬಾಗಿಲು ಬಡಿದು ಹೋದಳು, ದನಿ ಥೇಟ್ ಹಳೇ ಥರ ಇತ್ತು, ಮುಂದಿನ ವಾರ ಇಲ್ಲಿಗೇ ಕರ್ಕೊಂಡು ಬರ್ತೀನಿ ಅಂತ. ಬಟ್ಟಲು ಪೂರ್ತಿ ಮುಗಿಸಿದ್ರು. ನಿಮಗೆ ಅಂತ ಒಂದು ಜೋಡಿ ಚಾಪ್‌ಸ್ಟಿಕ್ ಕೇಳಿ ತಗೊಂಡ್ರು."

ಐದು ವಾರ ಕಾದಿದ್ದ ಅಳು ಆಗ ಬಂತು. ಅಳುತ್ತಲೇ ಅವಳು ಅವನ ಕಡೆ ತಿರುಗಿದಳು. ಆ ನೋಟದಲ್ಲಿ ಕೃತಜ್ಞತೆ ಇರಲಿಲ್ಲ.

"ಇದನ್ನ ಮೊದಲನೇ ದಿನ ಹೇಳಬಹುದಿತ್ತು. ಎಷ್ಟು ರಾತ್ರಿ ನಾನು ನಿದ್ದೆ ಮಾಡಿಲ್ಲ ಅಂತ ಗೊತ್ತಾ ನಿಮಗೆ?"

ಅವಳು ಚೀಲದಲ್ಲಿದ್ದ ದೂರಿನ ನಾಲ್ಕು ಪುಟಗಳನ್ನೂ ಹರಿದು ಹಲಗೆಯ ಮೇಲೆ ಹಾಕಿ ಹೊರಟುಹೋದಳು. ಮುಂದಿನ ಬುಧವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

*

ಮೂರನೆಯ ವಾರ, ಮಂಗಳವಾರ, ಅವನೇ ಕನ್ನಡಕದ ಅಂಗಡಿಗೆ ಬಂದ. ಒಗೆದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಏನು ಬೇಕು ಎಂದು ಅವಳು ಅಂಗಡಿಯ ದನಿಯಲ್ಲಿ ಕೇಳಿದಳು. ಕಣ್ಣು ತೋರಿಸಬೇಕು ಎಂದ.

ಅವನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಓದಿ ಎಂದಳು. ಎರಡನೆಯ ಸಾಲಿನಲ್ಲೇ ಅವನು ಎಡವಿದ.

"ಡಿಮ್‌ಸಮ್ ಪದರ ಯಾಕೆ ದಪ್ಪ ಅಂತ ಈಗ ಗೊತ್ತಾಯ್ತು" ಎಂದಳು. ಅವಳ ಮುಖದಲ್ಲಿ ನಗು ಇರಲಿಲ್ಲ. "ಯಾಕೆ ಹೇಳಲಿಲ್ಲ? ಅದನ್ನ ಹೇಳಿ ಮೊದಲು. ಆಮೇಲೆ ಮೂರನೇ ಸಾಲು."

ಅವನು ಒಂದೇ ಕಣ್ಣಿನಲ್ಲಿ ಅವಳನ್ನು ನೋಡಿದ.

"ಮೊದಲನೇ ದಿನ ನೀವು ಎಷ್ಟು ದಿನದಿಂದ ಊಟ ಬಿಟ್ಟಿದ್ರೋ ಏನೋ. ಸಿಟ್ಟೊಂದೇ ನಿಮ್ಮನ್ನ ನಿಲ್ಲಿಸಿತ್ತು. ಅದನ್ನ ಕಿತ್ಕೊಂಡ್ರೆ ಮನೆಗೆ ಹೋಗಿ ಬಾಗಿಲು ಹಾಕ್ಕೊಂಡುಬಿಡ್ತೀರಿ ಅನಿಸ್ತು. ಬೈಸ್ಕೊಂಡ್ರೆ ತಿಂತೀರಿ ಅಂತ ಬೈಸ್ಕೊಂಡೆ."

"ನಾಲ್ಕನೇ ವಾರ ಬಟ್ಟಲು ಖಾಲಿ ಮಾಡಿದ್ದೆನಲ್ಲ?"

ಅವನು ತಲೆ ತಗ್ಗಿಸಿದ. "ಆವತ್ತಿನದು ನನ್ನ ತಪ್ಪು. ಹೇಳಿಬಿಟ್ರೆ ನೀವು ಮತ್ತೆ ಬರಲ್ಲ ಅನ್ನೋ ಹೆದರಿಕೆ. ಅದು ಸ್ವಾರ್ಥ. ಕ್ಷಮಿಸಿ ಅಂತ ಕೇಳೋಕೇ ಬಂದೆ. ಕಣ್ಣು ಒಂದು ನೆಪ."

ಅವಳು ಕೈಯಲ್ಲಿದ್ದ ಗಾಜನ್ನು ಒರೆಸಿದ್ದನ್ನೇ ಒರೆಸಿದಳು. ಸಿಟ್ಟು ಹೋಗಿರಲಿಲ್ಲ. ಆದರೆ ಅದರೊಳಗೆ ಈಗ ಬೇರೆ ಏನೋ ಸೇರಿತ್ತು. ಅದಕ್ಕೆ ಹೆಸರಿಡಲು ಅವಳಿಗೆ ಸಂಕೋಚವಾಯಿತು.

"ಮೂರನೇ ಸಾಲು ಓದಿ" ಎಂದಳು.

"ಕಾಣಲ್ಲ."

ಅವಳು ಬಗ್ಗಿ ಅವನ ಕಣ್ಣಿನ ಮುಂದೆ ಇನ್ನೊಂದು ಗಾಜು ಸೇರಿಸಿದಳು. "ಈಗ?"

"ಈಗ ಕಾಣುತ್ತೆ" ಎಂದ ಅವನು, ಫಲಕದ ಕಡೆ ನೋಡದೆ.

*

ಮರುದಿನ ಮಧ್ಯಾಹ್ನ ಕಿಟಕಿ ಪಕ್ಕದ ಮೇಜಿಗೆ ಚಿಕ್ಕಮ್ಮ ಎರಡು ಬಟ್ಟಲು ತಂದಿಟ್ಟು ಒಳಗೆ ಹೋದರು. ಅದು ನೀಲಿ ಹುರಿಯ ಪಾತ್ರೆಯ ಸೂಪು. ಶುಂಠಿ, ಒಣ ಅಣಬೆ, ಈರುಳ್ಳಿ ಸೊಪ್ಪು. ಅದರಲ್ಲಿ ಬೆರಳುದ್ದದ ನೂಡಲ್ಸು ತುಂಡುಗಳು. ಅವನು ಎದುರಿಗೆ ಕುಳಿತ.

ಅವಳು ಚೀಲದಿಂದ ಕಾಗದದ ಕರವಸ್ತ್ರ ತೆಗೆದಳು. ಅಮ್ಮ ತನಗೆಂದು ತಂದ ಜೋಡಿಯನ್ನು ಸೀಳಿದಳು. ಒಂದು ತುಂಡು ಬಾಯಿಗಿಟ್ಟಳು.

"ರುಚಿ ಇಲ್ಲ" ಎಂದಳು. ಕಣ್ಣು ತುಂಬಿತ್ತು.

"ಇಲ್ಲ. ನಿಮ್ಮಮ್ಮನೂ ಪ್ರತಿ ವಾರ ಅದನ್ನೇ ಅಂತಿದ್ರು."

"ಮುಂದಿನ ಬುಧವಾರ ಏನಂತ ಜಗಳ ಆಡೋದು ಇನ್ನು?"

"ನೀವು ಬನ್ನಿ ಸಾಕು. ಜಗಳಕ್ಕೆ ಏನಾದ್ರೂ ನಾನು ಹುಡುಕ್ತೀನಿ... ಜೀವನ ಪೂರ್ತಿ ಹುಡುಕ್ತೀನಿ."

ಅವಳು ಅಂಚು ಮುಕ್ಕಾದ ಚಹಾದ ಮುಚ್ಚಳವನ್ನು ಮೆಲ್ಲಗೆ ಮಗುಚಿಟ್ಟಳು. ಅವನು ಎದ್ದು ಚಹಾ ತುಂಬಿಸಿದ.

ಹಬೆ ಹಿಡಿದ ಕಿಟಕಿಯ ಕಡೆ ತಿರುಗಿ ಅವಳು ಕಣ್ಣು ಮುಚ್ಚಿದಳು. ಬಹಳ ದಿನಗಳ ಮೇಲೆ ಅವಳ ತುಟಿ ದೇವರ ಹೆಸರಿಗೆ ಅಲುಗಿತು.

ದೇವರೇ, ನನ್ನಮ್ಮ ಹಸಿದು ಹೋಗಲಿಲ್ಲ, ಮುನಿಸಿಕೊಂಡೂ ಹೋಗಲಿಲ್ಲ ಎಂದು ತಿಳಿಸಿಕೊಟ್ಟೆ. ನನಗೆ ಮಾತು ಬರಲೆಂದು ಬೈಗುಳ ತಿಂದವಳು ಅವಳು. ಇನ್ನು ಅವಳಿಗೆ ಯಾವ ಜಗಳವೂ ಬೇಡ. ನಿನ್ನ ಪಾದದ ಬಳಿ ಕೂರಿಸಿಕೋ, ಒಳ್ಳೆಯ ಊಟ ಹಾಕು. ಅವಳ ಆತ್ಮಕ್ಕೆ ಶಾಂತಿ ಕೊಡು.