ಸಮುದ್ರದ ಕಡೆಯ ಕಿಟಕಿ

"ಯಾರ್ರೀ ಅದು ಒಳಗೆ? ಇಳೀರಿ ಕೆಳಗೆ."

ಗದರಿದ ದನಿಗೆ ಸೋದಮ್ ಕಣ್ಣು ಬಿಟ್ಟಳು. ಆದರೆ ಏಳಲಿಲ್ಲ. ಯಾರದೋ ಗಾಡಿ, ಯಾರದೋ ಹಾಸಿಗೆ. ಚಪ್ಪಲಿಯನ್ನು ಬಾಗಿಲಲ್ಲಿ ನೀಟಾಗಿ ಬಿಟ್ಟು, ಎರಡೂ ಕೈ ಎದೆಯ ಮೇಲಿಟ್ಟು ಮಲಗಿದ್ದ ಅವಳಿಗೆ ನಾಚಿಕೊಳ್ಳುವಷ್ಟು ಪುರುಸೊತ್ತೂ ಇರಲಿಲ್ಲ.

"ಒಂದೇ ನಿಮಿಷ," ಎಂದಳು. "ಮಲಗಿದವರಿಗೆ ಸಮುದ್ರ ಕಾಣುತ್ತಾ ಅಂತ ನೋಡ್ತಿದೀನಿ."

ಬಾಗಿಲಲ್ಲಿ ನಿಂತಿದ್ದವನು ಮುಜಿನ್. ಬುಸಾನಿನ ಯಂಗ್ದೊ ದ್ವೀಪದಲ್ಲಿ, ಹಡಗು ರಿಪೇರಿಯ ಬೀದಿಯ ತುದಿಯಲ್ಲಿ ಅವನ ಶೆಡ್ಡು. ಹಳೆಯ ವ್ಯಾನುಗಳಿಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಕೂರಿಸಿ ಮನೆಗಾಡಿ ಮಾಡಿಕೊಡುವುದು ಅವನ ಕೆಲಸ. ಮೂವತ್ತೈದರ ಆಸುಪಾಸು, ಕೈತುಂಬ ಮರದ ಪುಡಿ, ಮುಖದ ತುಂಬ ಮುನಿಸು.

ಈ ಗಾಡಿ ಬಾಡಿಗೆಗಲ್ಲ, ಮಾರಾಟಕ್ಕೂ ಅಲ್ಲ ಎಂದ. ಬೇರೆ ಯಾವುದೂ ಸಿದ್ಧವಿಲ್ಲ, ಜೂನ್ ಹೊತ್ತಿಗೆ ಬನ್ನಿ ಎಂದ.

ಜೂನ್...!

ಸೋದಮ್ ಎದ್ದು ಕುಳಿತಳು. "ನಮ್ಮಜ್ಜಿಗೆ ತೊಂಬತ್ತು. ಏಪ್ರಿಲ್ ದಾಟೋದು ಕಷ್ಟ ಅಂದಿದಾರೆ ಡಾಕ್ಟರು. ಕೂರೋಕಾಗಲ್ಲ, ಮಲಗಿಕೊಂಡೇ ಹೋಗ್ಬೇಕು. ಉತ್ತರದ ಗಡಿ ಹತ್ರ, ಗೊಸಂಗ್‌ವರೆಗೆ... ರಸ್ತೆ ಮುಗಿಯೋವರೆಗೆ."

ಮುಜಿನ್ ಕೈಯ ಮರದ ಪುಡಿ ಕೊಡವಿಕೊಂಡ. ಅವಳು ಚಪ್ಪಲಿ ಮೆಟ್ಟಿ ಹೊರಟಳು. ಶೆಡ್ಡಿನ ಬಾಗಿಲು ದಾಟುವಾಗ ಹಿಂದಿನಿಂದ ಅವನ ದನಿ ಬಂತು.

"ಕಾಣ್ತಾ?"

"ಇಲ್ಲ. ಕಿಟಕಿ ಎತ್ತರ ಆಯ್ತು. ಬರೀ ಆಕಾಶ."

ಕೆಲವರನ್ನು ಕಣ್ಣೀರಿನಿಂದ ಗೆಲ್ಲಬಹುದು, ಕೆಲವರನ್ನು ಕಾಡಿ ಬೇಡಿ. ಮುಜಿನ್‌ನಂಥ ಕುಶಲಕರ್ಮಿಗಳನ್ನು ಮಾತ್ರ ಅವರ ಕೆಲಸದಲ್ಲಿ ಒಂದು ಕುಂದು ಹೇಳಿ ಗೆಲ್ಲಬೇಕು. ಮರುದಿನ ಬೆಳಿಗ್ಗೆ ಸೋದಮ್ ಮತ್ತೆ ಬಂದಾಗ ಗಾಡಿಯ ಬಲಗೋಡೆಯ ಮೇಲೆ, ಹಾಸಿಗೆಯಷ್ಟೇ ಎತ್ತರದಲ್ಲಿ, ಸೀಮೆಸುಣ್ಣದಿಂದ ಉದ್ದನೆಯ ಚೌಕವೊಂದನ್ನು ಗುರುತು ಹಾಕಲಾಗಿತ್ತು.

"ಉತ್ತರಕ್ಕೆ ಹೋಗುವಾಗ ಸಮುದ್ರ ಬಲಗಡೆ ಇರುತ್ತೆ," ಎಂದ ಅವನು, ಅವಳ ಮುಖ ನೋಡದೆ. "ಒಲೆ ಎಡಕ್ಕೆ ಹಾಕ್ತೀನಿ. ಹಾಸಿಗೆ ಈ ಕಡೆ. ಹತ್ತು ದಿನ ಬೇಕು."

ಆ ಅಜ್ಜಿಯ ಹೆಸರು ಮಾಲ್ಸುನ್. ಯುದ್ಧದ ಕಾಲ, ಸಾವಿರದ ಒಂಬೈನೂರ ಐವತ್ತರ ಡಿಸೆಂಬರಿನ ಚಳಿ. ಉತ್ತರದ ಹುಂಗ್ನಮ್ ಬಂದರಿನಲ್ಲಿ ಅವಳ ತಾಯಿ, ಹದಿನಾರರ ಮಗಳನ್ನು ಜನರ ನಡುವೆ ನೂಕಿ ಹಡಗು ಹತ್ತಿಸಿದ್ದಳು. ಯಂಗ್ದೊ ಸೇತುವೆಯ ಹತ್ತಿರ ಕಾಯುತ್ತಿರು, ತಮ್ಮನನ್ನು ಕರೆದುಕೊಂಡು ಮುಂದಿನ ಹಡಗಿಗೆ ಬರುತ್ತೇನೆ ಎಂದಿದ್ದಳು.

ಮುಂದಿನ ಹಡಗು ಬರಲಿಲ್ಲ. ಉತ್ತರ, ದಕ್ಷಿಣ ಎಂದು ದೇಶದ ನಡುವೆ ಬೇಲಿ ಬಿತ್ತು.

ಮಾಲ್ಸುನ್ ಕಾದಳು. ಸೇತುವೆ ಕಾಣುವ ದಿಣ್ಣೆಯ ಮೇಲೆ ಮನೆ ಮಾಡಿದಳು. ಮೂವತ್ತು ವರ್ಷ ಹಡಗುಗಳ ತುಕ್ಕನ್ನು ಸುತ್ತಿಗೆಯಿಂದ ಬಡಿದು ಬಡಿದು ಕಿವಿ ಕಳೆದುಕೊಂಡಳು. ಮದುವೆ ಆಯಿತು, ಗಂಡ ಹೋದ, ಮಗ ಸೊಸೆಯೂ ಹೋದರು. ಉಳಿದ ಮೊಮ್ಮಗಳು ಸೋದಮ್‌ಳನ್ನು ಸಾಕಿದಳು. ಆದರೆ ಒಂದೇ ಒಂದು ಇರುಳು ಆ ದ್ವೀಪ ಬಿಟ್ಟು ಬೇರೆ ಕಡೆ ಮಲಗಲಿಲ್ಲ. ಅವರು ಬಂದಾಗ ನಾನಿಲ್ಲದಿದ್ದರೆ...?

ಈ ಫೆಬ್ರವರಿಯಲ್ಲಿ ಬಿದ್ದು ಹಾಸಿಗೆ ಹಿಡಿದವಳು ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಹೇಳಿದಳು. "ಅವರು ಬರಲ್ಲ ಕಣೇ. ನಾನೇ ಹೋಗ್ತೀನಿ. ರಸ್ತೆ ಎಲ್ಲೀವರೆಗೆ ಬಿಡುತ್ತೋ ಅಲ್ಲೀವರೆಗೆ."

ಸೋದಮ್‌ಳ ಎದೆ ಒಡೆದುಹೋಗಿತ್ತು.

ಹಡಗುಕಟ್ಟೆಯ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುವ ಸೋದಮ್ ಪ್ರವಾಸದ ಯೋಜನೆಯನ್ನೂ ಹಡಗಿನ ವೇಳಾಪಟ್ಟಿಯಂತೆಯೇ ಬರೆದಳು. ದಿನಕ್ಕೆ ಎರಡು ಗಂಟೆ ಮಾತ್ರ ಪ್ರಯಾಣ, ಡಾಕ್ಟರ ಅಪ್ಪಣೆ. ಗುರ್ಯೊಂಗ್ಪೊದಲ್ಲಿ ಮೊದಲ ತಂಗು, ಆಮೇಲೆ ಯಂಗ್ದೊಕ್, ಉಲ್ಜಿನ್, ಸಮ್ಚೊಕ್, ಸೊಕ್ಚೊ. ಆರನೇ ದಿನ ಗೊಸಂಗ್. ಎಲ್ಲಿ ನೀರು ತುಂಬಿಸುವುದು, ಎಲ್ಲಿ ಆಸ್ಪತ್ರೆ ಹತ್ತಿರ, ಎಲ್ಲಿ ಸೂರ್ಯ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ... ಅವಳ ಲೈಸೆನ್ಸು ಗೇರಿಲ್ಲದ ಸಣ್ಣ ಕಾರಿಗಷ್ಟೇ ಸಾಕಾಗುವಂಥದ್ದು, ಹಾಗಾಗಿ ಓಡಿಸುವವನು ಮುಜಿನ್. ಪಟ್ಟಿಯ ಒಂದು ಪ್ರತಿಯನ್ನು ಅವನು ಸ್ಟಿಯರಿಂಗಿನ ಎದುರಿಗೇ ಅಂಟಿಸಿಕೊಂಡ.

ದಿನವೂ ಕೆಲಸ ಮುಗಿಸಿ ಅವಳು ಶೆಡ್ಡಿಗೆ ಬರುತ್ತಿದ್ದಳು. ಅವನು ಕಿಟಕಿ ಕೊರೆಯುತ್ತಿದ್ದ, ಅವಳು ಮಲಗಿ ನೋಡಿ ಇನ್ನೂ ಎರಡು ಬೆರಳು ಕೆಳಗೆ ಎನ್ನುತ್ತಿದ್ದಳು. ಊಟದ ಡಬ್ಬಿ ಒಂದಿದ್ದದ್ದು ಎರಡಾಯಿತು. ಒಂದು ಸಂಜೆ ಅಳತೆಪಟ್ಟಿಯ ಎರಡು ತುದಿಗಳನ್ನು ಹಿಡಿದಿದ್ದಾಗ ಇಬ್ಬರೂ ಅಳತೆ ಓದುವುದನ್ನೇ ಮರೆತರು.

'ಈಗ ಬೇಡ,' ಎಂದು ತನ್ನ ಮನಸ್ಸನ್ನು ತಾನೇ ಗದರಿಕೊಂಡಳು ಸೋದಮ್. 'ಅಜ್ಜಿ ಹೋಗಿ ಬರಲಿ. ಆಮೇಲೆ...' ಆಮೇಲೆ ಎನ್ನುವ ಮಾತಿಗೇ ಹೆದರಿ ಅಲ್ಲಿಗೇ ನಿಲ್ಲಿಸಿದಳು.

ಏಪ್ರಿಲ್ ಹತ್ತನೇ ತಾರೀಖು ಹೊರಡುವುದೆಂದು ಗೊತ್ತಾಗಿತ್ತು. ಎಂಟರಿಂದ ಅಜ್ಜಿ ಊಟ ಬಿಟ್ಟಳು. ಗಂಜಿ ಬೇಡ, ಹಣ್ಣಿನ ರಸ ಬೇಡ. ಒಂಬತ್ತರ ಬೆಳಿಗ್ಗೆ ಬಂದ ದಾದಿ, ಹೀಗೇ ಆದರೆ ಪ್ರಯಾಣದ ಮಾತು ಮರೆತುಬಿಡಿ ಎಂದು ಹೇಳಿ ಹೋದಳು.

ಕೊನೆಗೆ ಅಜ್ಜಿ ಒಂದೇ ಮಾತು ಕೇಳಿದಳು. ಬುಗೊ ಸಾರು. ಚಳಿಗಾಳಿಗೆ ಒಣಗಿಸಿದ ಮೀನಿನ ಸಾರು, ಅವಳ ತವರಿನದು.

ಸೋದಮ್ ಅಂಗಡಿಗೆ ಓಡಿದಳು, ಪ್ಯಾಕೆಟ್ಟಿನ ಸಿಗಿದ ಮೀನು ತಂದು ಕುದಿಸಿದಳು. ಅಜ್ಜಿ ಮೂಸಿ ಮುಖ ತಿರುಗಿಸಿದಳು. ಇದು ಕಾಗದ, ಮೀನಲ್ಲ ಎಂದಳು. ತಲೆ ಸಮೇತ ಇಡೀ ಮೀನು ಹುಡುಕಿಕೊಂಡು ಮೂರು ಅಂಗಡಿ ಸುತ್ತಿದ್ದಾಯಿತು. ಸಿಗಲಿಲ್ಲ.

ಮನೆಯೆದುರು ಮನೆಗಾಡಿ ಸಾಮಾನು ತುಂಬಿಕೊಂಡು ನಿಂತಿತ್ತು. ಡ್ರೈವರ್ ಸೀಟಿನ ಮೇಲ್ಗಡೆ, ಕೊಕ್ಕೆಯಲ್ಲಿ, ಬಿಳಿ ನೂಲು ಸುತ್ತಿದ ಒಂದು ಬುಗೊ. ಇಡೀ ಮೀನು, ತಲೆ ಸಮೇತ.

ಹೊಸ ಗಾಡಿಗೆ ಹಾಗೆ ಕಟ್ಟುವುದು ಅಲ್ಲಿಯವರ ಪದ್ಧತಿ. ಗಾಡಿಗೆ ಬರುವ ಗಂಡಾಂತರವನ್ನೆಲ್ಲ ಆ ಮೀನು ಬಾಯಿ ತೆರೆದು ನುಂಗಿಕೊಳ್ಳುತ್ತದಂತೆ. ಅದನ್ನು ಯಾರೂ ಬಿಚ್ಚುವುದಿಲ್ಲ, ತಿನ್ನುವ ಮಾತಂತೂ ಇಲ್ಲವೇ ಇಲ್ಲ. ಇದೆಲ್ಲ ಸೋದಮ್‌ಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಿಚ್ಚಿದಳು. ಅಂಗಡಿಯಿಂದ ತಂದು ಕಟ್ಟಿದ್ದಿರಬೇಕು, ನಾಳೆ ದಾರಿಯಲ್ಲಿ ಹೊಸದು ಕಟ್ಟಿದರಾಯಿತು ಎಂದುಕೊಂಡಳು. ಮುಳುಗುವವಳಿಗೆ ಎಷ್ಟೆಂದು ಯೋಚನೆ ಬಂದೀತು?

ಕಲ್ಲಿನ ಮೇಲಿಟ್ಟು ದೊಣ್ಣೆಯಿಂದ ಬಡಿಯತೊಡಗಿದಳು. ಬಡಿದರೇ ಆ ಮೀನು ಮೆತ್ತಗಾಗುವುದು. ನೆಲದ ಅದುರು ಹಾಸಿಗೆಗೆ ಮುಟ್ಟಿತೇನೋ, ಕಿವಿ ಕೇಳದ ಮುದುಕಿ ಕಣ್ಣು ತೆರೆದಳು.

"ಹಾಗಲ್ಲ ಕಣೇ. ಮಣಿಕಟ್ಟು ಸಡಿಲ ಬಿಡು. ಮೂವತ್ತು ವರ್ಷ ಬಡಿದವಳು ನಾನು, ನನ್ನ ಕೇಳು."

ಎರಡು ದಿನದಲ್ಲಿ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅಜ್ಜಿ ಬಟ್ಟಲಿನ ತಳ ಕಾಣುವವರೆಗೆ ಸಾರು ಕುಡಿದಳು. ಸೋದಮ್ ಚಮಚ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು.

ಆಗಲೇ ಮುಜಿನ್ ಒಳಗೆ ಬಂದದ್ದು. ಅವನ ಕಣ್ಣು ನೆಲದ ಮೇಲಿನ ಬಿಳಿ ನೂಲಿನ ಉಂಡೆಯ ಮೇಲೆ ನಿಂತಿತು.

"ಅಜ್ಜಿ ಊಟ ಮಾಡಿದ್ಲು," ಎಂದಳು ಸೋದಮ್ ಸಂಭ್ರಮದಿಂದ. "ಅದಕ್ಕೇನು, ಬೇರೆ ಮೀನು ತಂದು ಕಟ್ಟಿಬಿಡ್ತೀನಿ."

ಆ "ಅದಕ್ಕೇನು" ಒಂದನ್ನು ಹೇಳದೆ ಇದ್ದಿದ್ದರೆ!

"ಅದು ನಮ್ಮಮ್ಮ ಕಟ್ಟಿದ್ದು," ಎಂದ ಮುಜಿನ್. "ಕೊನೇ ಸಲ ಎದ್ದು ನಿಂತಾಗ."

ತಿರುಗಿ ಹೊರಗೆ ಹೋದ. ಗಾಡಿ ಶುರುವಾದ ಸದ್ದು, ಇಳಿಜಾರಿನಲ್ಲಿ ಇಳಿದು ಹೋದ ಸದ್ದು. ಸೋದಮ್ ಬರಿಗಾಲಲ್ಲೇ ಓಡಿದಳು. ಮೆಟ್ಟಿಲ ತುದಿ ತಲುಪುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು.

ಹತ್ತನೇ ತಾರೀಖು ಬಂತು, ಹೋಯಿತು. ಫೋನ್ ಎತ್ತಲಿಲ್ಲ. ಇಪ್ಪತ್ತು ಸಂದೇಶ ಕಳಿಸಿದಳು, ಉತ್ತರವಿಲ್ಲ. ಶೆಡ್ಡಿಗೆ ಬೀಗ. ಪಕ್ಕದ ಹಡಗುಪೇಂಟಿನ ಅಂಗಡಿಯವನು, ಗಾಡಿ ಉತ್ತರದ ಕಡೆ ಹೋಯಿತಮ್ಮ ಎಂದ.

'ಮಾರಿಬಿಡೋಕೆ ಹೋಗಿರ್ತಾನೆ. ಅವನ ತಾಯಿಯ ಕೊನೆಯ ಗುರುತನ್ನ ಸಾರು ಮಾಡಿದೆನಲ್ಲ ನಾನು... ಯಾವ ಮುಖ ಇಟ್ಕೊಂಡು ಬಾ ಅನ್ನಲಿ?'

ಬಾಡಿಗೆ ಆಂಬುಲೆನ್ಸಿನವರನ್ನು ಕೇಳಿದಳು. ಆರು ದಿನದ ದಾರಿಯೇ, ನಡುವೆ ಏನಾದರೂ ಆದರೆ ಯಾರು ಹೊಣೆ ಎಂದರು. ಟ್ಯಾಕ್ಸಿಯವನೊಬ್ಬ ಅಜ್ಜಿಯನ್ನು ನೋಡಿ ಆಗಲ್ಲವೆಂದು ತಲೆಯಾಡಿಸಿ ಹೋದ. ಅಜ್ಜಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಸ್ಸು ಹತ್ತಿಬಿಡಲೇ ಎಂದೂ ಯೋಚಿಸಿದಳು. ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಮೊದಲ ದಿನ, ಎರಡನೇ ದಿನ ಸುಮ್ಮನೆ ಕಳೆದುಹೋದವು. ಯಂಗ್ದೊಕ್, ಸೂರ್ಯೋದಯ ಐದು ಐವತ್ತು ಎಂದು ತಾನೇ ಬರೆದದ್ದನ್ನು ಓದಿ ಹಣೆ ಚಚ್ಚಿಕೊಂಡಳು.

"ಆ ಹುಡುಗ ಬಂದನೇನೇ?" ಎಂದು ಅಜ್ಜಿ ಕೇಳುತ್ತಿದ್ದಳು.

"ಬರ್ತಾನೆ," ಎಂದು ಕಿವಿಯ ಹತ್ತಿರ ಕೂಗಿ ಹೇಳುತ್ತಿದ್ದಳು ಸೋದಮ್. ಎಪ್ಪತ್ತು ವರ್ಷ ಇದೇ ಮಾತನ್ನು ನಂಬಿದ ಜೀವಕ್ಕೆ ಮತ್ತೆ ಅದೇ ಮಾತು ಹೇಳಬೇಕಾಯಿತಲ್ಲ ಎಂದು ಅವಳಿಗೆ ಸಾಯುವಷ್ಟು ಸಂಕಟವಾಗುತ್ತಿತ್ತು.

ಹದಿಮೂರರ ಬೆಳಿಗ್ಗೆ ಅಜ್ಜಿ ಕೇಳುವುದನ್ನೂ ನಿಲ್ಲಿಸಿದಳು.

ಹತ್ತು ಗಂಟೆಗೆ ಇಳಿಜಾರಿನಲ್ಲಿ ಗಾಡಿಯ ಸದ್ದಾಯಿತು. ಸೋದಮ್ ಬಾಗಿಲಿಗೆ ಬಂದಳು. ಮುಜಿನ್ ಇಳಿದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಅವಳದೇ ವೇಳಾಪಟ್ಟಿ, ಸಾಲು ಸಾಲಿನ ನಡುವೆಯೂ ಪೆನ್ಸಿಲ್ಲಿನ ಬರಹ.

"ಮೊದಲ ದಿನ ಸಿಟ್ಟಲ್ಲೇ ಓಡಿಸಿದೆ," ಎಂದ. "ಎಲ್ಲಿಗೆ ಅಂತ ಗೊತ್ತಿರ್ಲಿಲ್ಲ. ಈ ಚೀಟಿ ಎದುರಿಗಿತ್ತು, ಇದರ ಪ್ರಕಾರವೇ ಹೋದೆ. ಉಲ್ಜಿನ್‌ನಲ್ಲಿ ನೀವು ಹೇಳಿದ ಜಾಗ ಇಳಿಜಾರು, ಹಾಸಿಗೆ ವಾಲುತ್ತೆ. ಅರ್ಧ ಮೈಲಿ ಮುಂದೆ ಸಮತಟ್ಟಾಗಿದೆ. ಸಮ್ಚೊಕ್‌ನಲ್ಲಿ ಬೇಲಿ ಅಡ್ಡ ಬರುತ್ತೆ, ಸ್ವಲ್ಪ ಹಿಂದೆಯೇ ನಿಲ್ಲಿಸ್ಬೇಕು. ಎಲ್ಲೆಲ್ಲಿ ರಸ್ತೆ ಕುಲುಕುತ್ತೋ ಬರ್ಕೊಂಡಿದೀನಿ. ಪ್ರತಿ ಕಡೆ ಮಲಗಿ ನೋಡಿದೆ... ಸಮುದ್ರ ಕಾಣುತ್ತೆ."

ಸೋದಮ್‌ಳಿಗೆ ಅಳು ಬರಲಿಲ್ಲ. ರೋಷ ಬಂತು. "ಅಜ್ಜಿ ಹತ್ರ ಇರೋದೇ ಎಷ್ಟು ದಿನ ಅಂತ ಗೊತ್ತಿದ್ದೂ ಅದ್ರಲ್ಲಿ ನಾಲ್ಕು ದಿನ ತಗೊಂಡು ಹೋದ್ರಿ. ಒಂದು ಮಾತು ಹೇಳ್ಬಾರದಾಗಿತ್ತಾ?"

"ಹೇಳ್ಬೇಕಾಗಿತ್ತು. ತಪ್ಪು ನಂದೇ." ಅವನು ತಲೆ ತಗ್ಗಿಸಿದ. "ಅಮ್ಮನ್ನ ಇದರಲ್ಲಿ ಒಂದು ದಿನವೂ ಕರ್ಕೊಂಡು ಹೋಗ್ಲಿಲ್ಲ ನಾನು. ಕೆಲಸ ಮುಗೀಲಿ, ಮುಗೀಲಿ ಅಂದೆ. ಆ ಮೀನು ನೋಡ್ಕೊಂಡು, ಇನ್ನೂ ಇದಾಳೆ ಅನ್ಕೊಂಡು ಇದ್ದೆ. ಗೊಸಂಗ್ ತಲುಪಿದ ಮೇಲೆ ತಲೆಗೆ ಹೊಳೀತು. ಒಳಗಿರೋರನ್ನ ಕಾಪಾಡ್ಲಿ ಅಂತ ತಾನೇ ಅವಳು ಕಟ್ಟಿದ್ದು? ಕಾಪಾಡ್ತಲ್ಲ... ಅಜ್ಜಿ ಉಂಡ್ಲಲ್ಲ. ಅಲ್ಲಿಂದ ಎಲ್ಲೂ ನಿಲ್ಲಿಸದೆ ಬಂದೆ."

ಅವನು ಸೀಟಿನ ಮೇಲಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಇಡೀ ಬುಗೊ, ತಲೆ ಸಮೇತ. ಜೊತೆಗೆ ಬಿಳಿ ನೂಲಿನ ಉಂಡೆ. ಅವಳ ಕಡೆ ಚಾಚಿದ.

"ನೀವೇ ಕಟ್ಟಿ," ಎಂದಳು ಸೋದಮ್, ಕೈ ಹಿಂದೆ ತೆಗೆದುಕೊಂಡು. "ನನ್ನ ಕೈಯಿಂದ ಆದದ್ದು ಸಾಕು."

"ಮನೆ ಹೆಂಗಸು ಕಟ್ಟಬೇಕು ಅಂತ ಅಮ್ಮ ಹೇಳ್ತಿದ್ಲು. ಹೊರಗಿನವರು ಕಟ್ಟಬಾರದಂತೆ."

"ಹಾಗಾದ್ರೆ ನಾನು..."

"ಅದನ್ನೇ ಕೇಳ್ತಿದೀನಿ."

ಸೋದಮ್ ಮೀನನ್ನೂ ನೂಲಿನ ಉಂಡೆಯನ್ನೂ ತೆಗೆದುಕೊಂಡು ಗಾಡಿ ಹತ್ತಿದಳು. ನೂಲನ್ನು ಸುತ್ತಿ ಸುತ್ತಿ ಕೊಕ್ಕೆಗೆ ಬಿಗಿದಳು. ಗಂಟು ಹಾಕುವಾಗ ಅವನ ಬೆರಳು ನೂಲಿನ ತುದಿ ಹಿಡಿದುಕೊಂಡಿತ್ತು.

ಅಂದೇ ಹೊರಟರು. ಯಂಗ್ದೊ ಸೇತುವೆಯ ಮೇಲೆ ಅಜ್ಜಿ ಕಣ್ಣು ಬಿಟ್ಟು, ನಿಲ್ಲಿಸು ಎಂದು ಕೈ ಮಾಡಿದಳು. ಬೆಳಗಿನಿಂದ ಹಿಡಿದಿದ್ದ ಮೌನ ಮುರಿದು ಸೋದಮ್‌ಳಿಗೆ ಹೇಳಿದಳು, "ನಮ್ಮಮ್ಮ ಬಂದ್ರೆ ಇಲ್ಲೇ ಹುಡುಕ್ತಾಳೆ. ಉತ್ತರಕ್ಕೆ ಹೋದ್ಲು ಅಂತ ಬರೆದಿಟ್ಟು ಬಾ."

ಸೋದಮ್ ಇಳಿದು, ವೇಳಾಪಟ್ಟಿಯ ತನ್ನ ಪ್ರತಿಯನ್ನು ಮಡಿಸಿ, ಉಳಿದ ನೂಲಿನಿಂದ ಸೇತುವೆಯ ಕಂಬಿಗೆ ಕಟ್ಟಿ ಬಂದಳು. ಗಾಡಿ ದ್ವೀಪ ದಾಟಿತು.

ಆರು ದಿನ. ಒಂದೊಂದು ದಿನವೂ ಅಜ್ಜಿಯ ಉಸಿರು ಎಣಿಸುತ್ತ ಕಳೆದರು. ಸಮ್ಚೊಕ್‌ನಲ್ಲಿ ಒಮ್ಮೆ ಮುಗಿಯಿತೆಂದೇ ಸೋದಮ್ ಮುಜಿನ್‌ನ ತೋಳು ಬಿಗಿಯಾಗಿ ಹಿಡಿದಿದ್ದಳು. ಅಜ್ಜಿ ಮತ್ತೆ ಉಸಿರೆಳೆದಳು.

ಗೊಸಂಗ್‌ನಲ್ಲಿ ರಸ್ತೆ ಮುಗಿದು ಬೇಲಿ ಶುರುವಾಗುವ ಕಡೆ ಮುಜಿನ್ ಗಾಡಿಯನ್ನು ಒಂದಿಷ್ಟೂ ಅಲುಗದಂತೆ ನಿಲ್ಲಿಸಿದ. ಬಲಗಡೆಯ ಕಿಟಕಿಯ ತುಂಬ ಸಮುದ್ರ. ಅದರಾಚೆ ಉತ್ತರದ ಬೆಟ್ಟಗಳು. ಮಾಲ್ಸುನ್ ದಿಂಬಿನ ಮೇಲಿಂದ ತಲೆಯೆತ್ತಬೇಕಾಗಲಿಲ್ಲ. ಎರಡು ಬೆರಳಿನ ಲೆಕ್ಕ ಸರಿಯಾಗಿತ್ತು.

ಬಹಳ ಹೊತ್ತು ನೋಡಿದಳು. ಆಮೇಲೆ ಗಾಜಿಗೆ ಅಂಗೈ ಒತ್ತಿ, ಹದಿನಾರರ ಹುಡುಗಿಯ ದನಿಯಲ್ಲಿ ಹೇಳಿದಳು.

"ಅಮ್ಮಾ... ನಾನೇ ಬಂದೆ."

ಅತ್ತು ಮುಗಿಯುವವರೆಗೆ ಮೂವರೂ ಅತ್ತರು. ಅಜ್ಜಿಗೆ ನಿದ್ದೆ ಹತ್ತಿತು, ಉಸಿರು ತಡವರಿಸದ ಒಳ್ಳೆಯ ನಿದ್ದೆ. ಅಂಗೈ ಇನ್ನೂ ಗಾಜಿನ ಮೇಲೇ ಇತ್ತು. ಸೋದಮ್ ಮೆಲ್ಲಗೆ ಮುಂದೆ, ಎಡಗಡೆಯ ಡ್ರೈವರ್ ಸೀಟಿನಲ್ಲಿದ್ದ ಮುಜಿನ್‌ನ ಬಲಕ್ಕೆ ಬಂದು ಕುಳಿತಳು.

"ವಾಪಸ್ ಹೋಗುವಾಗ ಸಮುದ್ರ ಎಡಗಡೆ ಬರುತ್ತೆ," ಎಂದಳು ಕಣ್ಣೊರೆಸಿಕೊಳ್ಳುತ್ತ. "ನಿನ್ನ ಕಡೆ. ನಂಗೆ ಕಾಣಲ್ಲ."

ನೀನು ಎಂದಿದ್ದಳು, ಮೊದಲ ಸಲ. ಮುಜಿನ್ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ನೀನು ನನ್ನ ಕಡೆ ನೋಡ್ತಾ ಕೂತ್ಕೋ," ಎಂದ. "ಸಮುದ್ರ ತಾನಾಗೇ ಕಾಣುತ್ತೆ."