ಗುರುತಿಲ್ಲದ ಮೊಳೆ

ಏಳು ಸುತ್ತಿನ ಕೋಟೆಯ ಚಂದನಗಿರಿಯಲ್ಲಿ ಅಂದು ಮುಂಜಾನೆ ಭೇರಿ ಮೊಳಗಿ, ಬೀದಿಗಳಿಗೆ ಪನ್ನೀರು ಚಿಮುಕಿಸಿ, ಮಹಾದ್ವಾರದಿಂದ ಸಾವಿರ ರಾವುತರು ರಾಜಬೀದಿಗಿಳಿದಾಗ, ಜಯಘೋಷಕ್ಕೆಂದು ಬಾಯ್ತೆರೆದ ಜನಸ್ತೋಮ ಹಾಗೆಯೇ ನಿಂತುಬಿಟ್ಟಿತು. ಕುದುರೆಗಳು ಕುಂಟುತ್ತಿದ್ದವು! ಒಂದಲ್ಲ, ಹತ್ತಲ್ಲ, ಮುನ್ನೂರು. ಅದೂ ಯುದ್ಧವೋ ಸಂಧಿಯೋ ಎಂದು ಅಳೆಯಲು ಬಂದ ನೆರೆರಾಜ್ಯದ ರಾಯಭಾರಿಗಳು ಉಪ್ಪರಿಗೆಯಲ್ಲಿ ಕುಳಿತು ನೋಡುತ್ತಿರುವಾಗ. ಅವರು ಮೀಸೆಯ ಮರೆಯಲ್ಲಿ ನಕ್ಕರು.

ಅಪರಾಹ್ನದ ಒಡ್ಡೋಲಗದಲ್ಲಿ, ಅದೇ ರಾಯಭಾರಿಗಳ ಸಮ್ಮುಖದಲ್ಲಿ, ನಾಲಗೆಗೆ ಹಿಡಿತವಿಲ್ಲದ ದಂಡನಾಯಕ ಬಮ್ಮರಸ ಮಹಾಪ್ರಧಾನ ಕೇತಮಯ್ಯನತ್ತ ಬೆರಳು ತೋರಿದ.

"ಪ್ರಭು, ನಮ್ಮ ಕಮ್ಮಾರರಿಗೆ ಕೈಯಿರಲಿಲ್ಲವೆ? ಕಡಲಾಚೆಯ ಲಾಳಗಾರರೊಡನೆ ಕರಾರು ಬರೆದು ಕರೆತಂದವರು ಇವರು. ಆ ಪರದೇಶಿಗಳೇ ನದಿಯಾಚೆಯ ನೆರೆಯವರ ಕುದುರೆಗಳಿಗೂ ಲಾಳ ಹೊಡೆಯುತ್ತಾರೆ. ಇದು ರಾಜದ್ರೋಹ! ಶಿರಚ್ಛೇದವೇ ತಕ್ಕ ಶಿಕ್ಷೆ."

"ಹೊಡೆಯುತ್ತಾರೆ, ಬಲ್ಲೆ," ಎಂದ ಕೇತಮಯ್ಯ. "ಅವರ ಕೈಚಳಕ ಬೇಕಿತ್ತು, ಕರೆಸಿದೆ."

ಸಭೆಯಲ್ಲಿ ಗುಸುಗುಸು ಹಬ್ಬಿತು. ನಿನ್ನೆಯವರೆಗೆ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದ ಮಹನೀಯರೆಲ್ಲ, ಪಾಪ, ಅವನ ನೆರಳೂ ತಾಗದಂತೆ ಸರಿದು ನಿಂತರು.

ಕೇತಮಯ್ಯ ಅಂಗಳಕ್ಕಿಳಿದು, ಲಾಳಗಾರರ ಮುಖ್ಯಸ್ಥ ಇದ್ರೀಸನನ್ನು ಕರೆಸಿ, ಕುಂಟುವ ಕುದುರೆಯೊಂದರ ಕಾಲಿನಿಂದ ಮೊಳೆ ಕೀಳಿಸಿದ. ಅದನ್ನು ಅಂಗೈಗಿಡುತ್ತಾ ಇದ್ರೀಸ ಪಿಸುಗುಟ್ಟಿದ:

"ಒಡೆಯರೇ, ನಮ್ಮ ಮೊಳೆಗಳ ತಲೆಯ ಮೇಲೆ ನಮ್ಮ ಗುರುತಿರುತ್ತದೆ. ಇದಕ್ಕಿಲ್ಲ. ಐವತ್ತು ದಿನದಿಂದ ನಮ್ಮನ್ನು ಲಾಯದೊಳಕ್ಕೇ ಬಿಟ್ಟಿಲ್ಲ. ಲಾಳದ ಕೆಲಸ ಅರಿಯದ, ಕತ್ತಿ ಬಡಿಯುವ ಕಮ್ಮಾರರು ಗೊರಸಿನ ಎಳೆಮಾಂಸಕ್ಕೆ ಮೊಳೆ ಇಳಿಸಿದ್ದಾರೆ."

"ನನಗೇಕೆ ಹೇಳಲಿಲ್ಲ?"

"ನಮ್ಮನ್ನು ತಡೆದ ಕಾವಲಿನವರು ಅರಸರ ಉಂಗುರದ ಮುದ್ರೆಯ ಓಲೆ ತೋರಿಸಿದರು. ನಿಮಗೆ ತಿಳಿದೇ ಇದೆ ಎಂದುಕೊಂಡೆವು."

ಕೇತಮಯ್ಯ ತಲೆಯೆತ್ತಿದ. ಸಿಂಹಾಸನದ ಮೇಲೆ ಅರಸ ಇರಿವಚಂದ್ರ ನೆಲ ನೋಡುತ್ತಿದ್ದ. ಅಯ್ಯೋ, ಇಪ್ಪತ್ತು ವರ್ಷ ಜೊತೆಗಿದ್ದ ಮಂತ್ರಿಯನ್ನು ಬಿಟ್ಟು ಚಾಡಿಕೋರರಿಗೆ ಕಿವಿಗೊಟ್ಟಿದ್ದನಲ್ಲ ಈ ದೊರೆ! ಆ ಓಲೆಯ ಬಗ್ಗೆ ಒಂದು ಮಾತು ಆಡಿದರೆ ಕೇತಮಯ್ಯ ತನ್ನ ತಲೆ ಉಳಿಸಿಕೊಳ್ಳಬಹುದಿತ್ತು. ಆದರೆ ಈ ಅರಮನೆಯಲ್ಲಿ ಅರಸನೇ ತನ್ನ ಪ್ರಧಾನನನ್ನು ನಂಬುವುದಿಲ್ಲವೆಂದು ರಾಯಭಾರಿಗಳಿಗೆ ತಿಳಿದರೆ, ತಿಂಗಳೊಳಗೆ ಅವರ ದಂಡು ನದಿ ದಾಟುವುದು ಖಂಡಿತವಾಗಿತ್ತು.

ಅವನು ಮೊಳೆ ಕಾಣದಂತೆ ಮುಷ್ಟಿ ಬಿಗಿದ.

"ತಪ್ಪು ನನ್ನದು, ಪ್ರಭು. ಕೆಲಸ ಒಪ್ಪಿಸಿ, ಮೇಲ್ವಿಚಾರಣೆ ಮರೆತೆ. ಯಾವ ಶಿಕ್ಷೆಗೂ ಸಿದ್ಧನಿದ್ದೇನೆ. ಆದರೆ ಇದ್ರೀಸನ ಕಡೆಯವರು ಈಗಲೇ ಲಾಯಕ್ಕೆ ಹೋಗಲಿ. ಹದಿನೈದು ದಿನದಲ್ಲಿ ಕುದುರೆಗಳು ಓಡುತ್ತವೆ."

ರಾಯಭಾರಿಗಳ ನಗು ಅಡಗಿತು.

"ಲಾಳಗಾರರು ಹೋಗಲಿ," ಎಂದ ಅರಸ. "ಪ್ರಧಾನರು... ಗಡೀಪಾರು."

ಕೋಟೆಬಾಗಿಲ ಬಳಿ ಇದ್ರೀಸ ಏದುಸಿರು ಬಿಡುತ್ತಾ ಓಡಿಬಂದು, ಹೊರಟಿದ್ದ ಕೇತಮಯ್ಯನ ಕೈಹಿಡಿದ. "ಒಡೆಯರೇ, ನಿಜ ಹೇಳಿಬಿಡಬಹುದಿತ್ತಲ್ಲ! ಕರಾರಿನಂತೆ ನಿಮ್ಮದೇನೂ ತಪ್ಪಿಲ್ಲ."

"ಕರಾರು ಇದ್ದದ್ದು ನಿನಗೂ ನನಗೂ," ಎಂದ ಕೇತಮಯ್ಯ ಕಣ್ಣೊರೆಸಿಕೊಳ್ಳುತ್ತಾ. "ಅರಸರಿಗೂ ನನಗೂ ನಡುವೆ ಏನೂ ಬರೆದಿರಲಿಲ್ಲ ಕಣಪ್ಪ. ಅವರ ಅನ್ನ ಉಂಡಿದ್ದೆ, ಅಷ್ಟೆ. ಹೋಗು, ಕುದುರೆಗಳು ನೋಯುತ್ತಿವೆ."