ಹತ್ತು ವರ್ಷ ಚಿಕ್ಕ ಅಕ್ಕ

ಸೋಮವಾರ ಬೆಳಿಗ್ಗೆ ಬಸ್ ಡ್ರೈವರೊಬ್ಬ ಠಾಣೆಗೆ ದೂರು ತಂದ. ಹೊಟ್ಟೆನೋವೆಂದು ಸರ್ಕಾರಿ ಆಸ್ಪತ್ರೆಗೆ ಹೋದ ಅವನ ಹೆಂಡತಿಗೆ ಡಾಕ್ಟರು ಕಂಪ್ಯೂಟರ್ ನೋಡಿ, "ನಿಮ್ಮ ಅಪೆಂಡಿಕ್ಸ್ ಹೋದ ವರ್ಷವೇ ತೆಗೆದಾಗಿದೆಯಲ್ಲಮ್ಮ, ಇದು ಗ್ಯಾಸು" ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಎರಡೇ ದಿನದಲ್ಲಿ ಆ ಇಲ್ಲದ ಅಪೆಂಡಿಕ್ಸು ಒಡೆಯಿತು. ಈಗ ಅವಳು ಐಸಿಯುನಲ್ಲಿ, ಸಾವು ಬದುಕಿನ ನಡುವೆ.

"ಹೊಟ್ಟೆ ಮೇಲೆ ಹೊಲಿಗೆ ಗುರುತಿದೆಯಾ ಅಂತ ನೋಡೋಕೂ ಪುರುಸೊತ್ತಿಲ್ವಾ ಆ ಮಹಾನುಭಾವರಿಗೆ?" ಇನ್‌ಸ್ಪೆಕ್ಟರ್ ಸಿಡುಕಿದರು. ಅವಳ ಆರೋಗ್ಯ ಕಾರ್ಡಿನ ನಂಬರಿನಲ್ಲಿ ಬೇರೆ ಯಾರೋ ಆಪರೇಷನ್ ಮಾಡಿಸಿಕೊಂಡಿದ್ದರು. ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಮಾಡಿ ಪ್ರವೇಶದ ಕೌಂಟರಿನ ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಂಡರು. ಅಲ್ಲಿನ ಗುಮಾಸ್ತ ರೋಗಿಯ ಒಡಹುಟ್ಟಿದ ತಮ್ಮನೇ. ಐಸಿಯು ಬಾಗಿಲಲ್ಲಿ ಅಳುತ್ತ ಕೂತಿದ್ದ. ಪಾಪ ಎನ್ನಿಸಿ ಇನ್‌ಸ್ಪೆಕ್ಟರೇ ಅವನಿಗೆ ಚಹಾ ತರಿಸಿಕೊಟ್ಟರು.

ಮಧ್ಯಾಹ್ನ ವಾರ್ಡಿನ ನರ್ಸ್ ವಿಚಾರಣೆ.

"ಹೋದ ವರ್ಷ ಈ ಹೆಸರಲ್ಲಿ ಆಪರೇಷನ್ ಆದವಳು ನೆನಪಿದ್ದಾಳಾ?"

"ಇದ್ದಾಳೆ ಸಾರ್. ಹೊರಗಿಂದ ಕಟ್ಟಡದ ಕೆಲಸಕ್ಕೆ ಬಂದೋಳು, ಕೈಯೆಲ್ಲ ಸಿಮೆಂಟು. ಹೆಸರು ಕರೆದ್ರೆ ತಿರುಗ್ತಾನೇ ಇರ್ಲಿಲ್ಲ."

"ಅನುಮಾನ ಬರ್ಲಿಲ್ವಾ?"

"ಗುಮಾಸ್ತರು ಬಂದು 'ನಮ್ಮಕ್ಕ, ಚೆನ್ನಾಗಿ ನೋಡ್ಕೊಳ್ಳಿ' ಅಂದ್ರು. ಅವರಿಗಿಂತ ಹತ್ತು ವರ್ಷ ಚಿಕ್ಕವಳು ಸಾರ್! ಬಾಯಿ ತಪ್ಪಿರ್ಬೇಕು ಅಂತ ಸುಮ್ಮನಾದೆ."

ಕುಡಿಸಿದ ಚಹಾ ನೆನಪಾಗಿ ಇನ್‌ಸ್ಪೆಕ್ಟರಿಗೆ ಮೈಯುರಿಯಿತು.

ಗುಮಾಸ್ತ ಏನನ್ನೂ ಮುಚ್ಚಿಡಲಿಲ್ಲ. "ಕಾರ್ಡಿಲ್ಲದೋರನ್ನ ಸೇರಿಸ್ಕೋಬೇಡ ಅಂತ ಆರ್ಡರ್ ಸಾರ್. ಆ ಹುಡುಗಿ ಕೌಂಟರ್ ಮುಂದೆ ನೆಲದ ಮೇಲೆ ಮುದುಡಿ ಬಿದ್ದಿದ್ಲು."

"ಅದಕ್ಕೆ ಸ್ವಂತ ಅಕ್ಕನ ನಂಬರೇ ಬೇಕಿತ್ತಾ?"

"ಕಂಡೋರ ನಂಬರ್ ಹಾಕೋಕೆ ಮನಸ್ಸು ಬರ್ಲಿಲ್ಲ. ನಮ್ಮಕ್ಕ ಗುಂಡುಕಲ್ಲಿನ ಹಾಗಿದ್ಲು ಸಾರ್. ಒಂದು ನೆಗಡಿನೂ ಆದೋಳಲ್ಲ."

ಬಂಧನದ ಕಾಗದಕ್ಕೆ ಅವನು ಸಹಿ ಹಾಕಿದ. ಗುರುವಾರ ಅಕ್ಕನಿಗೆ ಎಚ್ಚರವಾಯಿತು. ಅದೇ ದಿನ ತಮ್ಮನ ಪೊಲೀಸ್ ಕಸ್ಟಡಿ ಮುಗಿದಿತ್ತು; ಕೋರ್ಟಿನಿಂದ ಜೈಲಿಗೆ ಹೋಗುವ ದಾರಿಯಲ್ಲಿ ಇನ್‌ಸ್ಪೆಕ್ಟರ್ ಜೀಪನ್ನು ಆಸ್ಪತ್ರೆಯ ಮುಂದೆ ನಿಲ್ಲಿಸಿದರು. ಕಾನೂನಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ನಿಲ್ಲಿಸದಿರಲು ಅವರಿಗೂ ಆಗಲಿಲ್ಲ.

ಗಂಡನಿಂದ ಎಲ್ಲ ಕೇಳಿ ತಿಳಿದಿದ್ದ ಅಕ್ಕ ತಮ್ಮನನ್ನು ಮಂಚದ ಹತ್ತಿರ ಕರೆದಳು.

"ಆ ಹುಡುಗಿ ಉಳಿದ್ಲೇನೋ?"

"ಉಳಿದ್ಲು ಅಕ್ಕ."

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೋ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು ಕಣೋ," ಎಂದಳು ಅಕ್ಕ, "ಅಂತಿದ್ದೆ."